ಪ್ರತಿ: 561 ಅವಿಭಾಜ್ಯ ಅಂತ ನನ್ನ ಪ್ರೋಗ್ರಾಂ ಯಾಕೆ ಹೇಳ್ತಿದೆ?

ನಿಮ್ಮ ಕೋಡ್ ಸರಿಯಾಗೇ ಇದೆ, ಕೈಕೊಟ್ಟಿರೋದು ಫರ್ಮಾ ಪರೀಕ್ಷೆ: n ಅವಿಭಾಜ್ಯವಾದರೆ, nರಿಂದ ಭಾಗವಾಗದ ಯಾವುದೇ ಸಂಖ್ಯೆಯ (ಇದೇ 'ಆಧಾರ') n-1ನೇ ಘಾತವನ್ನು nರಿಂದ ಭಾಗಿಸಿದಾಗ ಶೇಷ 1 ಬರಬೇಕು ಅನ್ನೋದು. 2ರ 560ನೇ ಘಾತವನ್ನು 561ರಿಂದ ಭಾಗಿಸಿದರೆ ಶೇಷ 1 ಬಂದೇ ಬರುತ್ತೆ. ಆದರೆ 561 = 3 × 11 × 17. ಆಧಾರ ಬದಲಿಸಿ 5, 7 ಕೊಟ್ಟರೂ ಅದೇ ಕಥೆ. ಇದು ಕಾರ್ಮೈಕೇಲ್ ಸಂಖ್ಯೆ. 561ರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಆಧಾರ ಕೊಟ್ಟರೂ ಪಾಸಾಗುತ್ತೆ. ಇಂಥವುಗಳ ಪಟ್ಟಿ ಇಟ್ಟುಕೊಂಡು ತಪ್ಪಿಸಿಕೊಳ್ಳೋಣ ಅಂದರೆ ಅವು ಅನಂತ ಅಂತ 1994ರಲ್ಲೇ ಸಾಬೀತಾಗಿದೆ.

ಮಿಲ್ಲರ್–ರಾಬಿನ್ ಅನ್ನೋ ಇನ್ನೊಂದು ಅವಿಭಾಜ್ಯ ಪರೀಕ್ಷೆ ಬಳಸಿ. ಅದು ಕೊನೆಯ ಶೇಷ ಮಾತ್ರ ಅಲ್ಲ, ಅಲ್ಲಿಗೆ ಬಂದ ದಾರಿಯನ್ನೂ ನೋಡುತ್ತೆ. 560 = 16 × 35. ಮೊದಲು 2ರ 35ನೇ ಘಾತ: ಶೇಷ 263. ವರ್ಗ ಮಾಡಿ 561ರಿಂದ ಭಾಗಿಸುತ್ತಾ ಹೋಗಿ, ಶೇಷಗಳು: 166, 67, 1. ಸಿಕ್ಕಿಬಿತ್ತು! ಅವಿಭಾಜ್ಯದಿಂದ ಭಾಗಿಸಿದ ಶೇಷಗಳ ಲೆಕ್ಕದಲ್ಲಿ 1ಕ್ಕೆ ವರ್ಗಮೂಲ 1 ಮತ್ತು -1 (ಅಂದರೆ 561ಕ್ಕಾದರೆ 560) ಎರಡೇ. ಇಲ್ಲಿ 67 ಎಲ್ಲಿಂದ ಬಂತು? (67ರಿಂದ 1 ಕಳೆದು, 66 ಮತ್ತು 561ರ ಮಹತ್ತಮ ಸಾಮಾನ್ಯ ಅಪವರ್ತನ ತೆಗೆಯಿರಿ: 33. ಅಪವರ್ತನವೂ ಬಿಟ್ಟಿ.)

ಒಂದು ಯಾದೃಚ್ಛಿಕ ಆಧಾರಕ್ಕೆ ಬೆಸ ಸಂಯುಕ್ತ ಸಂಖ್ಯೆ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದರೆ 1/4. 20 ಸಲ ಓಡಿಸಿದರೆ ಲಕ್ಷ ಕೋಟಿಗೆ ಒಂದಕ್ಕಿಂತಲೂ ಕಡಿಮೆ.

"ಸಂಭವನೀಯತೆಯೇ ಬೇಡ, ಖಚಿತ ಉತ್ತರ ಬೇಕು" ಅಂತಲೂ ಕೇಳಿದ್ದೀರಿ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನೇ ಕೊಟ್ಟರು: ಬಹುಪದೀಯ ಸಮಯ (ಸಂಖ್ಯೆಯ ಅಂಕಿಗಳು ಹೆಚ್ಚಿದಂತೆ ಸಮಯ ಅಂಕಿಗಳ ಸಂಖ್ಯೆಯ ಒಂದು ನಿಗದಿತ ಘಾತವನ್ನು ಮೀರಿ ಬೆಳೆಯಲ್ಲ), ಸಾಬೀತಾಗದ ಯಾವ ಊಹೆಯನ್ನೂ ನಂಬಿಕೊಳ್ಳದೆ. ಸಿದ್ಧಾಂತವಾಗಿ ಅದ್ಭುತ, ಓಡಿಸೋಕೆ ನಿಧಾನ. ನಿಮ್ಮ ಪ್ರಾಜೆಕ್ಟ್‌ಗೆ ಮಿಲ್ಲರ್–ರಾಬಿನ್ನೇ ಸಾಕು.