ಪಿನ್‌ಕೋಡ್ ತಪ್ಪಿದರೆ ಯಾವ ಎರರ್?

ಪ್ರಶ್ನೆ: ನಮ್ಮ ಕನ್ನಡ ಸಂಘದ ಸದಸ್ಯತ್ವದ ಅರ್ಜಿಯನ್ನು ಪೈಥಾನ್‌ನಲ್ಲಿ ಆನ್‌ಲೈನ್ ಮಾಡುತ್ತಿದ್ದೇನೆ. ಪಿನ್‌ಕೋಡ್ ತಪ್ಪಿದ್ದರೆ ಟೈಪ್‌ಎರರ್ ಎಸೆಯಬೇಕೋ, ವ್ಯಾಲ್ಯೂಎರರ್ ಎಸೆಯಬೇಕೋ? ಸದ್ಯಕ್ಕೆ ಎಲ್ಲಕ್ಕೂ ಎಕ್ಸೆಪ್ಶನ್ ಅಂತಲೇ ಹಾಕಿದ್ದೇನೆ. ಸಾಲದೇ?
— ಓದುಗರೊಬ್ಬರು, ಪಿಂಪ್ರಿ, ಪುಣೆ

ಉತ್ತರ: ಸಾಲದು. ಎಕ್ಸೆಪ್ಶನ್ ಎಂದರೆ ಬಹುತೇಕ ಎಲ್ಲ ಎರರ್‌ಗಳಿಗೂ ಸಾಮಾನ್ಯವಾದ ಹೆಸರು. ಹಾಗೆಂದು ಎಸೆದರೆ ಹಿಡಿಯುವ ಕಡೆಯೂ ಎಕ್ಸೆಪ್ಶನ್ ಎಂದೇ ಹಿಡಿಯಬೇಕು. ಆಗ ನೀವೇ ಯಾವುದೋ ವೇರಿಯಬಲ್ ಹೆಸರು ತಪ್ಪಿ ಬರೆದು ನೇಮ್‌ಎರರ್ ಬಂದರೂ ಅಲ್ಲೇ ಸಿಕ್ಕಿಬೀಳುತ್ತದೆ. 411018 ಎಂದು ಸರಿಯಾಗಿಯೇ ತುಂಬಿದ ಸದಸ್ಯರಿಗೆ ‘ಪಿನ್‌ಕೋಡ್ ತಪ್ಪು’ ಎಂಬ ಉತ್ತರ ಹೋಗುತ್ತದೆ. ಅವರು ಮತ್ತೆ ಮತ್ತೆ ಅದನ್ನೇ ತುಂಬುತ್ತಾ ಕೂರುತ್ತಾರೆ.

ಬಂದ ವಸ್ತುವಿನ ಜಾತಿಯೇ (ಟೈಪ್) ಬೇರೆಯಾದರೆ ಟೈಪ್‌ಎರರ್. ಜಾತಿ ಸರಿಯಿದ್ದು ಒಳಗಿರುವುದು ಒಪ್ಪದಿದ್ದರೆ ವ್ಯಾಲ್ಯೂಎರರ್. ಪೈಥಾನ್‌ನ ಇಂಟ್ (ಬಂದದ್ದನ್ನು ಪೂರ್ಣಾಂಕವಾಗಿಸುವ ಫಂಕ್ಷನ್) ಕೂಡ ಹಾಗೇ ನಡೆಯುತ್ತದೆ: "ಪುಣೆ" ಕೊಟ್ಟರೆ ವ್ಯಾಲ್ಯೂಎರರ್, ನನ್ (None, ಅಂದರೆ ‘ಏನೂ ಇಲ್ಲ’) ಕೊಟ್ಟರೆ ಟೈಪ್‌ಎರರ್. ಅರ್ಜಿಯಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಆದ್ದರಿಂದ ಐದೇ ಅಂಕಿಯಿದ್ದರೂ, ಖಾಲಿ ಬಿಟ್ಟಿದ್ದರೂ ನೀವು ಎಸೆಯಬೇಕಾದದ್ದು ವ್ಯಾಲ್ಯೂಎರರ್. ಅಲ್ಲಿ ಟೈಪ್‌ಎರರ್ ಬಂತೆಂದರೆ ಫೀಲ್ಡಿನ ಹೆಸರು ಹೊಂದದೆ ನನ್ ಬಂದಿರಬಹುದು. ಅದನ್ನು ಹಿಡಿದು ಮುಚ್ಚಬೇಡಿ, ಕೋಡ್ ತಿದ್ದಿ.

ಪಿನ್‌ಕೋಡ್ ಪರೀಕ್ಷೆಗೆ ಇಂಟ್ ಒಂದನ್ನೇ ನಂಬುವುದೂ ಬೇಡ. "411 018" ಎಂದು ನಡುವೆ ಜಾಗ ಬಿಟ್ಟು ಬರೆಯುವವರು ಬಹಳ. ಇಂಟ್ ಅದನ್ನು ಒಪ್ಪುವುದಿಲ್ಲ. "411_018" ಬಂದರೆ ಮಾತ್ರ ಸುಮ್ಮನೆ ಒಪ್ಪಿಕೊಳ್ಳುತ್ತದೆ! ಮರಾಠಿ ಕೀಬೋರ್ಡಿನಿಂದ "४११०१८" ಬಂದರೂ, ಕನ್ನಡದ "೪೧೧೦೧೮" ಬಂದರೂ ಅದಕ್ಕೆ 411018 ಎಂದೇ ಅರ್ಥವಾಗುತ್ತದೆ, ಇದು ನಮಗೆ ಅನುಕೂಲ. ಹಾಗಾಗಿ ಮೊದಲು ಜಾಗಗಳನ್ನು ತೆಗೆಯಿರಿ, ಉದ್ದ ಆರೇ ಇದೆಯೇ ನೋಡಿ, ಇಸ್‌ಡೆಸಿಮಲ್‌ನಿಂದ ಎಲ್ಲವೂ ಅಂಕಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಇಸ್‌ಡಿಜಿಟ್ ಬೇಡ, ಅದು ಮೇಲೆ ಬರೆಯುವ ಪುಟ್ಟ ² ಅನ್ನೂ ಅಂಕಿ ಎನ್ನುತ್ತದೆ. ಆಮೇಲೆ ಇಂಟ್ ಮಾಡಿ, 100000ಕ್ಕಿಂತ ಕಡಿಮೆಯಿದ್ದರೆ ತಿರಸ್ಕರಿಸಿ. ನಮ್ಮ ಪಿನ್‌ಕೋಡ್ ಸೊನ್ನೆಯಿಂದ ಶುರುವಾಗುವುದಿಲ್ಲ.

ಈ ಪರೀಕ್ಷೆಗಳನ್ನು ‘ಇದು ನಿಜವಾಗಿರಲೇಬೇಕು’ ಎನ್ನುವ ಅಸರ್ಟ್‌ನಲ್ಲಿ ಬರೆಯಬೇಡಿ. ಪೈಥಾನನ್ನು -O (ದೊಡ್ಡಕ್ಷರದ ಓ) ಆಯ್ಕೆಯೊಂದಿಗೆ ಓಡಿಸಿದರೆ ಅಸರ್ಟ್‌ಗಳೆಲ್ಲ ಮಾಯವಾಗುತ್ತವೆ.

ಮೊಬೈಲ್ ನಂಬರ್, ಇಮೇಲ್ ತಪ್ಪುಗಳನ್ನೂ ಬೇರೆಬೇರೆ ತೋರಿಸಬೇಕಿದ್ದರೆ ವ್ಯಾಲ್ಯೂಎರರ್‌ನಿಂದಲೇ ಪಿನ್‌ಕೋಡ್‌ಎರರ್ ಎಂಬ ಸ್ವಂತ ಕ್ಲಾಸ್ ಮಾಡಿಕೊಳ್ಳಿ. ವ್ಯಾಲ್ಯೂಎರರ್ ಹಿಡಿಯುವ ಹಳೆಯ ಕೋಡ್ ಕೆಡುವುದಿಲ್ಲ. ಸಂದೇಶದಲ್ಲಿ ‘ಆರು ಅಂಕಿ ಬೇಕು, ಬಂದದ್ದು ಇದು’ ಎಂದು ಬಂದದ್ದನ್ನು ರೆಪ್ರ್ (repr) ಫಂಕ್ಷನ್ ಮೂಲಕ ಸೇರಿಸಿ. ಆಗ ಕೊಟೇಶನ್ ಗುರುತುಗಳ ನಡುವೆ, ಕಣ್ಣಿಗೆ ಬೀಳದ ಟ್ಯಾಬ್ ಕೂಡ \t ಆಗಿ ಕಾಣುತ್ತದೆ.