ವಾರ್ಡಿನ ರಸ್ತೆ: ಮೊದಲು ಚರಂಡಿ ಕೇಳಿ

(ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಉತ್ತರಿಸಿದವರು ಕಾಸರಗೋಡು ಜಿಲ್ಲೆಯ ಸ್ಥಳೀಯಾಡಳಿತ ಇಂಜಿನಿಯರಿಂಗ್ ವಿಭಾಗದಲ್ಲಿ ಓವರ್ಸಿಯರ್ ಆಗಿ ಸೇರಿ, ಅಸಿಸ್ಟೆಂಟ್ ಇಂಜಿನಿಯರ್ ಆಗಿ ನಿವೃತ್ತರಾದವರು.)

ಆಟಿ ತಿಂಗಳು ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಬೇರೆ, ವಾರ್ಡ್ ಬೇರೆ, ಸಿಟ್ಟು ಅದೇ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಎಸ್ಟಿಮೇಟ್ ಎಂದರೆ ಕೆಲಸದ ಖರ್ಚಿಗೆ ಇಂಜಿನಿಯರ್ ಮಾಡುವ ಅಂದಾಜು, ಟೆಂಡರ್ ಎಂದರೆ ಆ ಕೆಲಸಕ್ಕೆ ಗುತ್ತಿಗೆದಾರರಿಂದ ದರ ಕೇಳುವುದು. ಅದಕ್ಕಿಂತ ಹೆಚ್ಚು ಕೇಳಿದವರು ಪಂಚಾಯತು ಕಚೇರಿಗೆ ಹೋಗಿ ವಿಚಾರಿಸಿ. ಇಲ್ಲಿ ಅದಕ್ಕೆ ಜಾಗವಿಲ್ಲ.

ಪ್ರಶ್ನೆ: ನಮ್ಮ ವಾರ್ಡಿನ 300 ಮೀಟರ್ ರಸ್ತೆಗೆ ಮಾರ್ಚ್ ಕೊನೆಗೆ ಡಾಮರು ಹಾಕಿದರು. ಜುಲೈಯಲ್ಲಿ ನೋಡಿದರೆ ಬರೀ ಜಲ್ಲಿ. ಕಂಟ್ರಾಕ್ಟರ್ ಎಸ್ಟಿಮೇಟಿಗಿಂತ ತುಂಬಾ ಕಡಿಮೆಗೆ ಹಿಡಿದಿದ್ದಾನಂತೆ. ಯಾರೆಲ್ಲ ಎಷ್ಟೆಷ್ಟು ತಿಂದರೆಂದು ಪತ್ತೆ ಮಾಡುವುದು ಹೇಗೆ? (ಮಂಜೇಶ್ವರ ತಾಲೂಕಿನ ಓದುಗರು)

ತಿಂದವರ ಲೆಕ್ಕ ಆಮೇಲೆ. ಮೊದಲು ಜೋರು ಮಳೆ ಬರುವಾಗ ಕೊಡೆ ಹಿಡಿದು ಆ ರಸ್ತೆಯಲ್ಲಿ ಒಮ್ಮೆ ನಡೆಯಿರಿ. ಗುಡ್ಡದಿಂದ ಇಳಿದ ನೀರು ಎಲ್ಲಿ ರಸ್ತೆಗೆ ಸೇರುತ್ತದೆ, ಎಲ್ಲಿ ಬಿಟ್ಟು ಹೋಗುತ್ತದೆ ನೋಡಿ. ಹಿಂದೆ ಚರಂಡಿ ಇದ್ದಲ್ಲಿ ಈಗ ಯಾರದೋ ಗೇಟಿನ ಮುಂದೆ ಮಣ್ಣು ತುಂಬಿರುತ್ತದೆ. ರಸ್ತೆಯ ಅಡಿಯಿಂದ ನೀರು ದಾಟಿಸುವ ಮೋರಿಯ ಬಾಯಿಗೆ ಅಡಿಕೆ ಸೋಗೆ ಬಂದು ಕಟ್ಟಿರುತ್ತದೆ. ತೋಡಿಗೆ ಹೋಗಬೇಕಾದ ನೀರು ರಸ್ತೆಯನ್ನೇ ತೋಡು ಮಾಡಿಕೊಂಡಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಅದರ ಎದುರು ನಾವು ಹಾಸುವುದು 20 ಮಿಲಿಮೀಟರಿನ ಒಂದು ಚಿಪ್ಪಿಂಗ್ ಕಾರ್ಪೆಟ್, ಅಂದರೆ ಡಾಮರು ಕಲಸಿದ ಸಣ್ಣ ಜಲ್ಲಿಯ ಪದರ. ಕೈಬೆರಳಿನಷ್ಟು ದಪ್ಪ.

ನನ್ನ ಸರ್ವಿಸಿನಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಇಳಿಜಾರಿನ ರಸ್ತೆ ಮೂರೇ ತಿಂಗಳಲ್ಲಿ ಎದ್ದು ಹೋಯಿತು. ಊರವರು ನನ್ನನ್ನು ಸುತ್ತುಗಟ್ಟಿ ನಿಂತರು. ಉಳಿ ತರಿಸಿ ಅಂಚಿನಲ್ಲಿ ಒಂದು ತುಂಡು ಎಬ್ಬಿಸಿ ಅಡಿಕೋಲು ಇಟ್ಟು ನೋಡಿದೆ. ದಪ್ಪ ಸರಿಯಾಗಿ 20 ಮಿಲಿಮೀಟರ್ ಇತ್ತು. ಆದರೆ ತುಂಡಿನ ಅಡಿಭಾಗದ ಜಲ್ಲಿ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು, ಒಂದು ಚೂರು ಡಾಮರಿನ ಲೇಪ ಉಳಿದಿರಲಿಲ್ಲ. ಮೇಲಿನ ಬದಿಯಲ್ಲಿ ಕಡಿದ ಮುರಕಲ್ಲಿನ ಗೋಡೆಯಿಂದ ಒಸರುವ ನೀರು ರಸ್ತೆಯ ಅಡಿಗೆ ಇಳಿದು, ಕೆಳಗಿನಿಂದಲೇ ಡಾಮರನ್ನು ಬಿಡಿಸಿತ್ತು. ಆ ರಸ್ತೆಗೆ ನಾನು ಮಾಡಿದ ಮೊದಲ ಎಸ್ಟಿಮೇಟಿನಲ್ಲಿ ಮೇಲ್ಬದಿಗೆ ಚರಂಡಿ ಇತ್ತು. ಹಣ ಸಾಲದು, ಚರಂಡಿ ತೆಗೆದು ಉದ್ದ ಹೆಚ್ಚಿಸಿ ಎಂದರು. ತೆಗೆದೆ, ಸಹಿ ಹಾಕಿದೆ. ಆ ಸಹಿಯ ಸಂಕಟ ಇವತ್ತಿಗೂ ಹೋಗಿಲ್ಲ.

ಹಣ ಯಾಕೆ ಸಾಲುವುದಿಲ್ಲ? ಪಂಚಾಯತಿಗೆ ಬಂದ ರಸ್ತೆಯ ಹಣವನ್ನು ಹೆಚ್ಚಿನ ಕಡೆ ವಾರ್ಡಿಗಿಷ್ಟು ಎಂದು ಸಮಪಾಲು ಮಾಡುತ್ತಾರೆ. ಯಾವ ರಸ್ತೆಗೆ ಎಷ್ಟು ಬೇಕು ಎಂಬ ಲೆಕ್ಕವೇ ಅಲ್ಲಿಲ್ಲ. ಮೆಂಬರ್ ತನ್ನ ಪಾಲನ್ನು ಮತ್ತೆ ಮೂರು ರಸ್ತೆಗೆ ಹಂಚುತ್ತಾರೆ, ಯಾಕೆಂದರೆ ಮೂರೂ ಕಡೆ ಮನೆಗಳಿವೆ, ಓಟುಗಳಿವೆ. ಅದರ ಮೇಲೆ ತೆರಿಗೆ. ಕಾಮಗಾರಿಯ ಜಿಎಸ್‌ಟಿ 2022 ಜುಲೈ 18ರಿಂದ 12 ಶೇಕಡದಿಂದ 18ಕ್ಕೆ ಏರಿತು. ತೆರಿಗೆ ಸೇರಿ 5 ಲಕ್ಷ ಎಂದರೆ ರಸ್ತೆಗೆ ಉಳಿಯುವುದು 4.24 ಲಕ್ಷ ಮಾತ್ರ. ಕತ್ತರಿ ಮೊದಲು ಬೀಳುವುದು ಚರಂಡಿಗೆ, ಆಮೇಲೆ ಮೋರಿಗೆ. ಚರಂಡಿಯ ಪಕ್ಕದಲ್ಲಿ ಉದ್ಘಾಟನೆಯ ಬೋರ್ಡು ನೆಟ್ಟವರನ್ನು ನಾನು ಕಂಡಿಲ್ಲ. ಗ್ರಾಮಸಭೆಯಲ್ಲಿ "ನಮ್ಮ ಮನೆವರೆಗೆ ಡಾಮರು ಬರಲಿ" ಎಂದು ಎದ್ದು ನಿಲ್ಲುವವರು ನೀವೇ. "ನೂರು ಮೀಟರ್ ಕಡಿಮೆಯಾಗಲಿ, ಚರಂಡಿ ಬೇಕು" ಎಂದು ಒಬ್ಬರಾದರೂ ಹೇಳಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕೇಳಿಲ್ಲ.

ಇನ್ನು ನಿಮ್ಮ ಸಂಶಯಕ್ಕೆ ಬರುತ್ತೇನೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ತುಂಬಾ ಕಡಿಮೆಗೆ ಹಿಡಿದವನು ಎಲ್ಲಿಯಾದರೂ ಉಳಿಸಲೇಬೇಕು. ಉಳಿಸುವುದು ಕಣ್ಣಿಗೆ ಕಾಣದ ಕಡೆ: ಹಳೆ ರಸ್ತೆಯ ಧೂಳು ಗುಡಿಸಿ ಮೊದಲು ಸಿಂಪಡಿಸುವ ಟ್ಯಾಕ್ ಕೋಟ್, ಕೊನೆಗೆ ಮೇಲೆ ಹಾಕುವ ಸೀಲ್ ಕೋಟ್. ಇದನ್ನು ಹಿಡಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ಗುಣಿಸಲು ಬಂದರೆ ಸಾಕು. ನಿಮ್ಮ ರಸ್ತೆ 3 ಮೀಟರ್ ಅಗಲವೆಂದು ಇಟ್ಟುಕೊಳ್ಳಿ. 300 ಮೀಟರಿಗೆ 900 ಚದರ ಮೀಟರ್. 20 ಮಿಲಿಮೀಟರ್ ಕಾರ್ಪೆಟಿಗೆ ಚದರ ಮೀಟರಿಗೆ 1.46 ಕಿಲೋ ಡಾಮರು ಬೇಕು, ಅಂದರೆ 1,314 ಕಿಲೋ. ಮರಳಿಗೆ ಡಾಮರು ಕಲಸಿ ಹಾಕುವ ಸೀಲ್ ಕೋಟಿಗೆ 0.68 ಕಿಲೋದಂತೆ 612. ಟ್ಯಾಕ್ ಕೋಟಿಗೆ ಕಾಲು ಕಿಲೋದಂತೆ 225. ಒಟ್ಟು ಸುಮಾರು 2,150 ಕಿಲೋ. ಒಂದು ಡ್ರಮ್ಮಿನಲ್ಲಿ ಸುಮಾರು 155 ಕಿಲೋ ಇರುತ್ತದೆ. ಹಾಗಾದರೆ ನಿಮ್ಮ ರಸ್ತೆಯ ಬದಿಯಲ್ಲಿ 14 ಖಾಲಿ ಡ್ರಮ್ ಬಿದ್ದಿರಬೇಕಿತ್ತು. ಕಾರ್ಪೆಟಿಗೆ 24 ಘನ ಮೀಟರಿಗಿಂತ ಸ್ವಲ್ಪ ಹೆಚ್ಚು, ನಮ್ಮ ಟಿಪ್ಪರಿನವರ ಲೆಕ್ಕದಲ್ಲಿ 860 ಘನ ಅಡಿಯಷ್ಟು ಜಲ್ಲಿ ಇಳಿಯಬೇಕಿತ್ತು. ಊರಲ್ಲೇ ಕಾಯಿಸಿ ಕಲಸುವ ಕೆಲಸವಾದರೆ ಡ್ರಮ್ ಎಣಿಸಿ. ಪ್ಲಾಂಟಿನಿಂದ ಮಿಕ್ಸ್ ಬರುವುದಾದರೆ ಪ್ರತಿ ಲೋಡಿನ ಚೀಟಿಯ ಫೋಟೋ ತೆಗೆದಿಡಿ. ಕೆಲಸದ ದಿನ ಇಡೀ ಊರು ಅಲ್ಲೇ ನಿಂತಿರುತ್ತದೆ, ಎಣಿಸುವವರು ಮಾತ್ರ ಯಾರೂ ಇರುವುದಿಲ್ಲ.

ಇನ್ನೊಂದು ನೋಡಿ. ರಸ್ತೆಗೆ ಅಡ್ಡವಾಗಿ ಎರಡು ಅಂಚಿನಿಂದ ನೂಲು ಎಳೆದು ಹಿಡಿದರೆ ನಡುಭಾಗ ಎತ್ತರವಿರಬೇಕು. ಮಳೆ ಹೆಚ್ಚಿರುವ ನಮ್ಮಲ್ಲಿ 3 ಮೀಟರ್ ರಸ್ತೆಗೆ ಈ ಉಬ್ಬು ನಾಲ್ಕು ಸೆಂಟಿಮೀಟರಿನ ಹತ್ತಿರ ಬೇಕು. ಮಟ್ಟಸವಾಗಿ ಚಂದ ಕಾಣುವ ರಸ್ತೆಯಲ್ಲಿ ನೀರು ನಿಲ್ಲುತ್ತದೆ.

ಈಗ ಏನು ಮಾಡಬೇಕು? ಫೇಸ್‌ಬುಕ್ಕಿನಲ್ಲಿ ಬರೆದು ಸುಮ್ಮನಾಗಬೇಡಿ. ಗುತ್ತಿಗೆದಾರನ ಕರಾರು ಪತ್ರದಲ್ಲಿ ದೋಷ ಕಂಡರೆ ಅವನೇ ಸರಿಪಡಿಸಬೇಕಾದ ಅವಧಿ ಬರೆದಿರುತ್ತದೆ. ಅವನ ಭದ್ರತಾ ಠೇವಣಿ ಅಷ್ಟರವರೆಗೆ ಪಂಚಾಯತಿನ ಕೈಯಲ್ಲಿರುತ್ತದೆ. ಆ ಅವಧಿಯೊಳಗೆ ಸೆಕ್ರೆಟರಿಗೂ ಅಸಿಸ್ಟೆಂಟ್ ಇಂಜಿನಿಯರಿಗೂ ಲಿಖಿತ ದೂರು ಕೊಟ್ಟು ರಶೀದಿ ಪಡೆಯಿರಿ. ಠೇವಣಿ ಹಿಂತಿರುಗಿಸಿದ ಮೇಲೆ ಬಂದ ದೂರಿಗೆ ಹಲ್ಲಿಲ್ಲ. ಜತೆಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮೂರು ಕೇಳಿ: ಎಸ್ಟಿಮೇಟ್, ಕರಾರು, ಮಾಡಿದ ಕೆಲಸದ ಅಳತೆ ಬರೆದಿಡುವ ಎಂ ಬುಕ್ಕಿನ ಪುಟಗಳು. 30 ದಿನದೊಳಗೆ ಕೊಡಬೇಕು. 2005ರ ಆ ಕಾನೂನು ಕಾಗದ ಕೇಳಲು ಮಾತ್ರ ಎಂದು ಎಲ್ಲರೂ ತಿಳಿದಿದ್ದಾರೆ. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಎಂ ಬುಕ್ಕಿನಲ್ಲಿ ಟ್ಯಾಕ್ ಕೋಟ್, ಸೀಲ್ ಕೋಟ್ ಅಳತೆ ಬರೆದು ಹಣ ಕೊಟ್ಟಿದ್ದು, ನಿಮ್ಮ ಫೋಟೋದಲ್ಲಿ ಆರೇ ಡ್ರಮ್ ಇದ್ದರೆ, ಆಗ ನಿಮ್ಮ ಕೈಯಲ್ಲಿ ಒಂದು ಕೇಸಿದೆ. ಪಂಚಾಯತು ಕಿವಿಗೊಡದಿದ್ದರೆ ಪಂಚಾಯತುಗಳ ಮೇಲಿನ ದೂರು ವಿಚಾರಿಸುವ ತಿರುವನಂತಪುರದ ಸ್ಥಳೀಯಾಡಳಿತ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಆದರೆ ನಾನು ಬೇಡಿಕೊಳ್ಳುವುದು ಇದಕ್ಕಿಂತ ಮೊದಲಿನ ಹೆಜ್ಜೆಯನ್ನು. ಕೇರಳದಲ್ಲಿ ಪ್ರತಿ ವಾರ್ಡೂ ಒಂದು ಗ್ರಾಮಸಭೆ, ಹತ್ತು ಶೇಕಡ ಮತದಾರರಿದ್ದರೆ ಕೋರಂ. ಮುಂದಿನ ವರ್ಷದ ಯೋಜನೆಗೆ ಸಭೆ ಕರೆದಾಗ ಹೋಗಿ, ಚರಂಡಿ ಮತ್ತು ಮೋರಿ ಸೇರದ ರಸ್ತೆ ನಮ್ಮ ವಾರ್ಡಿಗೆ ಬೇಡವೆಂದು ಮಿನಿಟ್ಸ್‌ನಲ್ಲಿ ಬರೆಸಿ. ಜಿಲ್ಲಾ ಯೋಜನಾ ಸಮಿತಿಯ ಅನುಮೋದನೆ ಸಿಕ್ಕಿ ಟೆಂಡರ್ ಆದ ಮೇಲೆ ಚರಂಡಿ ಕೇಳಿದರೆ ಯಾವ ಇಂಜಿನಿಯರೂ ತನ್ನ ಜೇಬಿನಿಂದ ಕಟ್ಟಿಸಲಾರ.

ಪ್ರಶ್ನೆ: ಹೊಸ ಡಾಮರನ್ನು ಕೈಯಲ್ಲಿ ಚಾಪೆಯಂತೆ ಎತ್ತುವ ವೀಡಿಯೋ ವಾಟ್ಸಾಪಿನಲ್ಲಿ ಬಂದಿದೆ. ಇದು ಕಳಪೆಗೆ ಸಾಕ್ಷಿ ಅಲ್ಲವೇ?

ಹಾಕಿದ ದಿನವೇ, ಬಿಸಿಲಿನಲ್ಲಿ, ಅಂಚಿನಿಂದ ಎಬ್ಬಿಸಿದರೆ ಒಳ್ಳೆಯ ಕಾರ್ಪೆಟೂ ಏಳುತ್ತದೆ. ತುಂಡಿನ ಅಡಿಯಲ್ಲಿ ಧೂಳು ಮೆತ್ತಿದೆಯೇ, ಡಾಮರಿದೆಯೇ ಎಂದು ತೋರಿಸದ ವೀಡಿಯೋ ನನಗೆ ಕಳುಹಿಸಬೇಡಿ. ಎತ್ತಿ ನೋಡಿದ ಜಾಗದಲ್ಲಿ ಮಳೆಗಾಲಕ್ಕೆ ಹೊಂಡವಾಗುವುದು ಖಂಡಿತ.

ಪ್ರಶ್ನೆ: ಮಣ್ಣಿಗೆ ಒಂದು ದ್ರಾವಣ ಬೆರೆಸಿದರೆ ಡಾಮರೇ ಬೇಡ, ಇಪ್ಪತ್ತು ವರ್ಷ ಗ್ಯಾರಂಟಿ ಎಂದು ಒಬ್ಬ ಏಜೆಂಟ್ ಮನೆಗಳಿಂದ ಹಣ ಎತ್ತುತ್ತಿದ್ದಾನೆ.

ಒಂದು ಪೈಸೆ ಕೊಡಬೇಡಿ. ಮಣ್ಣು ಗಟ್ಟಿ ಮಾಡುವ ವಿಧಾನಗಳಿವೆ, ಆದರೆ ಆಯಾ ಜಾಗದ ಮಣ್ಣನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಮೇಲೆ. ಕ್ಯಾನ್ ಹಿಡಿದು ಬಂದು ಮನೆಮನೆಗೆ ಗ್ಯಾರಂಟಿ ಕೊಡುವವನು ಮೊದಲ ಮಳೆಗೆ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಗುತ್ತಿಗೆದಾರರೇ ಬೇಡವೆಂದು ಫಲಾನುಭವಿ ಸಮಿತಿ ಮಾಡಿ, ನನ್ನನ್ನು ಕನ್ವೀನರ್ ಆಗಲು ಹೇಳುತ್ತಿದ್ದಾರೆ. ಕೆಲಸ ಮಾಡುವವರು ಬೇರೆ ಇದ್ದಾರಂತೆ, ನಾನು ಸಹಿ ಹಾಕಿದರೆ ಸಾಕಂತೆ.

ಆಗಲೇಬೇಡಿ. ಯೋಜನೆ ಮಾಡುವ ಅಧಿಕಾರವನ್ನು ಊರವರಿಗೇ ಕೊಟ್ಟ 1996ರ ಜನಕೀಯ ಯೋಜನೆಯ ಕಾಲದಲ್ಲಿ ಊರವರೇ ಕೆಲಸ ಮಾಡಲಿ ಎಂದು ಬಂದ ಒಳ್ಳೆಯ ಏರ್ಪಾಡು ಅದು. ಎಷ್ಟೋ ಕಡೆ ಬೇನಾಮಿಗಳು ಅದನ್ನು ಕೆಡಿಸಿದರು. ಆಡಿಟಿನವರು ಹಣ ವಸೂಲಿಗೆ ಬರೆದಾಗ ನೋಟೀಸು ಬರುವುದು ಸಹಿ ಹಾಕಿದವರ ಮನೆಗೆ. ಹಾಗೆ ಬಂದ ನೋಟೀಸು ಹಿಡಿದು ನನ್ನ ಜಗಲಿಯಲ್ಲಿ ಅತ್ತವರಿದ್ದಾರೆ.

ಪ್ರಶ್ನೆ: ಅರ್ಜಿಗಳನ್ನು ಮಲಯಾಳದಲ್ಲೇ ಬರೆಯಬೇಕೇ?

ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು, ಕನ್ನಡದಲ್ಲೇ ಉತ್ತರ ಪಡೆಯಲು 1969ರ ಅಧಿಕೃತ ಭಾಷಾ ಕಾನೂನು ಅವಕಾಶ ಕೊಟ್ಟಿದೆ. ನಾವು ಬರೆಯದೆ ಬಿಟ್ಟರೆ ಕನ್ನಡ ಬಲ್ಲ ಗುಮಾಸ್ತರು ಬೇಕೆಂದು ಕೇಳಲೂ ನಮಗೆ ಬಾಯಿ ಇರುವುದಿಲ್ಲ.

ಪ್ರಶ್ನೆ: ನಮ್ಮ ನಾಲ್ಕು ಮನೆಗಳ ಖಾಸಗಿ ದಾರಿಗೆ ಪಂಚಾಯತು ಕಾಂಕ್ರೀಟು ಯಾಕೆ ಹಾಕುವುದಿಲ್ಲ?

ಜಾಗ ಬಿಟ್ಟುಕೊಟ್ಟು ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಸೇರಿಸಿದ ಮೇಲೆ ಕೇಳಿ.

ಪ್ರಶ್ನೆ: ನಮ್ಮಲ್ಲಿ ಈಗ, ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ, ಡಾಮರು ಹಾಕಲು ಯಂತ್ರ ತಂದು ನಿಲ್ಲಿಸಿದ್ದಾರೆ. ಬೇಡವೆಂದರೆ ಹಣ ಲ್ಯಾಪ್ಸ್ ಆಗುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಡಾಮರಿನವರೂ ಯಂತ್ರ ನಿಲ್ಲಿಸಬೇಕು. ಹಸಿ ನೆಲಕ್ಕೆ ಡಾಮರು ಹಿಡಿಯುವುದಿಲ್ಲ. ಹಣಕಾಸು ವರ್ಷ ಮಾರ್ಚ್ 31ಕ್ಕೇ ಮುಗಿದಿದೆ, ಮುಂದುವರಿದ ಕೆಲಸವಾಗಿ ಮಳೆಗಾಲ ಕಳೆದ ಮೇಲೆ ಮಾಡಬಹುದು. ಇವತ್ತೇ ಅಸಿಸ್ಟೆಂಟ್ ಇಂಜಿನಿಯರಿಗೆ ಬರೆದು ಕೊಡಿ, ಒದ್ದೆ ರಸ್ತೆಯ ಫೋಟೋ ತಾರೀಕು ಸಮೇತ ಲಗತ್ತಿಸಿ. ಕೆಲಸ ನಿಂತರೆ, ಸಿಕ್ಕಿದ ಆ ನಾಲ್ಕು ತಿಂಗಳಲ್ಲಿ ಮೇಲ್ಬದಿಯ ಚರಂಡಿಯನ್ನಾದರೂ ಬಿಡಿಸಿಡಿ.