ಬಸ್ಸಿನ ವಾಂತಿಗೆ ಗಾಂಜಾ ಮದ್ದಾಗುತ್ತಾ?

ನೀವು ಕೇಳಿದ್ದು ಇದು: ಬೆಂಗಳೂರಿನಿಂದ ಪುತ್ತೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಶಿರಾಡಿ ಘಾಟಿಯಲ್ಲಿ ವಾಂತಿ ಆಗುತ್ತೆ, ಹತ್ತುವ ಮೊದಲು ಗಾಂಜಾ ಸೇದಿದರೆ ಆಗಲ್ಲ ಅಂತ ರೂಮ್‌ಮೇಟ್ ಹೇಳ್ತಾನೆ, ನಿಜವಾ?

ನಾನು ಮೆಜೆಸ್ಟಿಕ್ ಹತ್ತಿರ ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಸಂಜೆಯಾದರೆ ಬ್ಯಾಗ್ ಹೆಗಲಿಗೇರಿಸಿಕೊಂಡವರು ಬಂದು "ವಾಂತಿ ಮಾತ್ರೆ ಕೊಡಿ" ಅನ್ನುತ್ತಲೇ ಇರುತ್ತಾರೆ. ಹಾಗಾಗಿ ಈ ಪ್ರಶ್ನೆ ನನಗೆ ಹೊಸದಲ್ಲ.

ನಿಮ್ಮ ರೂಮ್‌ಮೇಟ್ ಸುಮ್ನೆ ಬುರುಡೆ ಬಿಡುತ್ತಿಲ್ಲ. ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ ಅನ್ನೋ ರಾಸಾಯನಿಕಕ್ಕೆ ವಾಂತಿ ತಡೆಯುವ ಗುಣ ಇದೆ. ಅದೇ ಜಾತಿಯ ಡ್ರೊನಾಬಿನಾಲ್, ನಾಬಿಲೋನ್ ಮಾತ್ರೆಗಳಿಗೆ 1985ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಯಾರಿಗೆ? ಕ್ಯಾನ್ಸರಿಗೆ ಕೀಮೋ ತಗೊಂಡು ವಾಂತಿ ನಿಲ್ಲದವರಿಗೆ, ಅದೂ ಬೇರೆ ಔಷಧಿ ಕೆಲಸ ಮಾಡದಿದ್ದಾಗ. ಆ ವಾಂತಿಗೆ ಕಾರಣ ಮೈಗೆ ಸೇರಿದ ಔಷಧಿ. ಘಾಟಿಯ ವಾಂತಿ ಬೇರೆ. ಬಸ್ಸು ತಿರುಗಿದ್ದು ಒಳಕಿವಿಗೆ ಗೊತ್ತಾಗುತ್ತೆ, ಮೊಬೈಲ್ ನೋಡುತ್ತಿರುವ ಕಣ್ಣಿಗೆ ಗೊತ್ತಾಗಲ್ಲ. ಇವೆರಡರ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಗಾಂಜಾ ಸೇದಿದರೆ ಹಲವರಿಗೆ ತಲೆ ಸುತ್ತುತ್ತದೆ, ಎದೆ ಡವಡವ ಅನ್ನುತ್ತದೆ. ಸಕಲೇಶಪುರ ದಾಟಿದ ಮೇಲೆ, ಕತ್ತಲೆ ಬಸ್ಸಿನಲ್ಲಿ, ಅದು ಬೇಕಾ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ದಿನಾ ಗಾಂಜಾ ಸೇದುವ ಕೆಲವರಿಗೆ ಅದರಿಂದಲೇ ಬಿಡದೆ ವಾಂತಿ ಶುರುವಾಗುತ್ತದೆ. ಬಿಸಿನೀರಿನ ಸ್ನಾನ ಮಾಡಿದಾಗ ಸ್ವಲ್ಪ ಸಮಾಧಾನ, ಮತ್ತೆ ಅದೇ ಕಥೆ. ಸೇದುವುದನ್ನು ಬಿಟ್ಟರೆ ಮಾತ್ರ ನಿಲ್ಲುತ್ತದೆ.

ಕಾನೂನು ಅಂತೂ ನಿಮ್ಮ ಪರ ಇಲ್ಲ. ಕಾಕತಾಳೀಯ ನೋಡಿ, ಮಾದಕ ವಸ್ತುಗಳ ವಿರುದ್ಧದ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದಿದ್ದೂ 1985ರಲ್ಲೇ. ಚೂರು ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೂ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಕೆಲವೊಮ್ಮೆ ಎರಡೂ. "ವಾಂತಿಗೆ ಇಟ್ಕೊಂಡಿದ್ದೆ ಸಾರ್" ಅಂದರೆ ಪೊಲೀಸರು ಕೇಳುತ್ತಾರಾ?

ಅವೋಮಿನ್ ಥರದ ಹಳೇ ಮಾತ್ರೆಯೇ ಸಾಕು. ನಮ್ಮ ಜನ ಅದನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗುತ್ತಾರೆ, ಆಮೇಲೆ "ಮಾತ್ರೆ ಸರಿ ಇಲ್ಲ" ಅನ್ನುತ್ತಾರೆ. ಬಸ್ಸು ಹೊರಡುವ ಒಂದು ಗಂಟೆಯಾದರೂ ಮೊದಲೇ ತಗೋಬೇಕು. ನಿದ್ದೆ ಬರುತ್ತೆ, ರಾತ್ರಿ ಬಸ್ಸಿಗೆ ಅದು ಒಳ್ಳೆಯದೇ ಅಲ್ವಾ? ಕುಡಿದು ಅಥವಾ ಗಾಂಜಾ ಸೇದಿ ಇದನ್ನು ತಗೋಬೇಡಿ, ಮಂಪರು ಮಿತಿಮೀರುತ್ತದೆ. ಗ್ಲಾಕೋಮಾ (ಕಣ್ಣಿನ ಒಳಗಿನ ಒತ್ತಡದ ಕಾಯಿಲೆ) ಇದ್ದವರು, ಪ್ರಾಸ್ಟೇಟ್ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ತಗೊಳ್ಳಲಿ.

ಸೀಟು ಬುಕ್ ಮಾಡುವಾಗ ಹಿಂದಿನ ಚಕ್ರದ ಮೇಲಿನದು, ಕೊನೆ ಸಾಲಿನದು ಬೇಡ. ಸ್ಲೀಪರ್ ಆದರೆ ಮಧ್ಯದಲ್ಲಿ, ಕೆಳಗಿನ ಬರ್ತ್. ಹಾಸನ ದಾಟಿದ ಮೇಲೆ ಮೊಬೈಲ್ ಒಳಗಿಟ್ಟು ಕಣ್ಣು ಮುಚ್ಚಿ ಮಲಗಿ. ಊಟಕ್ಕೆ ಎಣ್ಣೆ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ನಿಂಬೆಹಣ್ಣು ಮೂಸುವುದರಿಂದ ಎಷ್ಟು ಪ್ರಯೋಜನವೋ, ನಮ್ಮಮ್ಮನಿಗಂತೂ ಅದಿಲ್ಲದೆ ಬಸ್ಸು ಹತ್ತಲು ಆಗಲ್ಲ. ಹಾಗೇ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಸಿಗುವಂತೆ ಇಟ್ಟುಕೊಂಡಿರಿ.